ಬಾಡಿಗೆಯ ಧಣಿಗಳಾಗಬೇಕೇ ನಾವು?



ಈಚೆಗೆ ನಮ್ಮವರು ನಾಲ್ಕು ಜನ ಎಲ್ಲಿ ಕೂಡಿದರೂ ಒಂದೇ ಮಾತು. ಹೋಟೆಲಿನ ಹಿಂಬಾಗಿಲಲ್ಲಿ ಚಹಾ ಕುಡಿಯುವಾಗಲೂ ಅದೇ, ಲೋಕಲ್ ಗಾಡಿಯಲ್ಲಿ ನೇತಾಡುವಾಗಲೂ ಅದೇ. “ನಾಲಾಸೋಪಾರಾದಲ್ಲಿ ಒಂದು ಖೋಲಿ ತೆಗೆದು ಬಾಡಿಗೆಗೆ ಬಿಟ್ಟರೆ ಹೇಗೆ ಮಾರಾಯ್ರೆ? ತಿಂಗಳಿಗೆ ಇಷ್ಟು ಬರುತ್ತದೆ, ಮುಪ್ಪಿನಲ್ಲಿ ಕುಳಿತು ಉಣ್ಣಬಹುದು.” ಇಪ್ಪತ್ತು ವರ್ಷ ಗ್ಲಾಸು ತೊಳೆದವನೂ ಈ ಮಾತಾಡುತ್ತಾನೆ, ಬಾಣಲೆಯ ಮುಂದೆ ಬೆಂದ ಭಟ್ಟರೂ ಆಡುತ್ತಾರೆ. ಗಿರಣಿಯ ಕೆಲಸ ಹೋಗಿ ಮಗನ ಸಂಬಳದ ಮೇಲೆ ಬದುಕುವ ಹಿರಿಯರ ಬಾಯಲ್ಲಿಯೂ ಇದೇ ಮಾತು. ಪಿ.ಎಫ್. ಹಣ, ಗ್ರಾಚ್ಯುಯಿಟಿ, ಹೆಂಡತಿಯ ಬಳೆ, ಮೇಲೆ ಬ್ಯಾಂಕಿನ ಸಾಲ, ಇಷ್ಟೂ ಸೇರಿಸಿ ಒಂದು ಬೀಗದ ಕೈ ಕೊಳ್ಳುವ ಆಸೆ. ದಲ್ಲಾಳಿಗಳಿಗೆ ಈ ಆಸೆಯ ವಾಸನೆ ಬಡಿದಿದೆ. ಭಾನುವಾರ ಬಂತೆಂದರೆ ನಮ್ಮ ಹುಡುಗರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಕಟ್ಟಡ ತೋರಿಸಲು ಹೊರಡುತ್ತಾರೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ವಾಸಿಸುವುದಕ್ಕೆ ಒಂದು ಸೂರು ಬೇಕು, ಅದಕ್ಕಾಗಿ ದುಡಿಯಿರಿ. ಆದರೆ ಬಾಡಿಗೆಗೆ ಬಿಡುವ ಸಲುವಾಗಿಯೇ ಜೀವಮಾನದ ಉಳಿತಾಯವನ್ನು ಸುರಿದು, ಸಾಲ ಮಾಡಿ, ಖೋಲಿ ಕೊಳ್ಳಬೇಡಿರಿ. ಅಪ್ಪನಿಂದಲೋ ಪುನರ್ವಸತಿಯ ಯೋಜನೆಯಿಂದಲೋ ಎರಡನೆಯ ಖೋಲಿ ಈಗಾಗಲೇ ಕೈಗೆ ಬಂದಿದ್ದರೆ ಅದನ್ನು ಬಾಡಿಗೆಗೆ ಕೊಡುವುದರಲ್ಲಿ ಪಾಪವಿಲ್ಲ. ಆದರೆ ಕಾನೂನಿನಂತೆ ಕೊಡಿರಿ, ಕೊಳ್ಳುವವನೂ ನಿಮ್ಮಂತೆಯೇ ದುಡಿಯುವವನೆಂದು ತಿಳಿದು ಕೊಡಿರಿ. ಇದಕ್ಕೆ ಕಾರಣಗಳನ್ನು ಕೆಳಗೆ ಕೊಟ್ಟಿದ್ದೇನೆ. ಒಪ್ಪದವರು ಸಭೆಗೆ ಬಂದು ಖಂಡಿಸಲಿ.

ಲೆಕ್ಕ ಏನು ಹೇಳುತ್ತದೆ?

ಗಲ್ಲಾದ ಮೇಲೆ ಕುಳಿತವನಿಗೆ ಲೆಕ್ಕ ಗೊತ್ತು, ಮಾಣಿಗೂ ಗೊತ್ತು. ಹತ್ತು ಟೇಬಲಿನ ಬಿಲ್ಲು ಬಾಯಲ್ಲೇ ಕೂಡಿಸುವ ನಾವು ನಮ್ಮ ಸ್ವಂತ ಲೆಕ್ಕದಲ್ಲಿ ಮಾತ್ರ ಏಕೆ ಕುರುಡರಾಗಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖೋಲಿಯ ಬೆಲೆ 30 ಲಕ್ಷ. ಕೈಯಿಂದ 10 ಲಕ್ಷ, ಬ್ಯಾಂಕಿನಿಂದ 20 ಲಕ್ಷ. ನೂರಕ್ಕೆ 9ರ ಬಡ್ಡಿ, 20 ವರ್ಷದ ಗಡುವು. ಕಂತು ತಿಂಗಳಿಗೆ ಸುಮಾರು 18,000 ರೂಪಾಯಿ ಆಗುತ್ತದೆ. 20 ವರ್ಷ ಕಟ್ಟಿ ಮುಗಿಸುವಾಗ 43 ಲಕ್ಷಕ್ಕೂ ಮಿಕ್ಕಿ ಕೊಟ್ಟಿರುತ್ತೀರಿ. ಅಂದರೆ 20 ಲಕ್ಷದ ಸಾಲಕ್ಕೆ 23 ಲಕ್ಷ ಬಡ್ಡಿ. ಬಾಡಿಗೆ 8,000 ಬರುತ್ತದೆಂದು ಇಟ್ಟುಕೊಂಡರೂ ತಿಂಗಳಿಗೆ ಇನ್ನು 10,000 ಯಾರ ಕಿಸೆಯಿಂದ? ನಿಮ್ಮ ಸಂಬಳದಿಂದ. ಬಾಡಿಗೆದಾರ ನಿಮ್ಮ ಸಾಲ ತೀರಿಸುತ್ತಾನೆಂದು ದಲ್ಲಾಳಿ ಹೇಳಿದ್ದು ಅರ್ಧ ಮಾತು ಕೂಡ ನಿಜವಾಗಲಿಲ್ಲ.

“ನಾನು ಸಾಲ ಮಾಡುವುದಿಲ್ಲ, ಊರಿನ ಜಾಗ ಮಾರಿದ ಹಣವಿದೆ” ಎನ್ನುವವರೂ ಇದ್ದಾರೆ. ಅವರ ಲೆಕ್ಕವನ್ನೂ ನೋಡೋಣ. ವರ್ಷಕ್ಕೆ ಬಾಡಿಗೆ 96,000. ಒಬ್ಬ ಹೋಗಿ ಇನ್ನೊಬ್ಬ ಬರುವ ನಡುವೆ ಒಂದು ತಿಂಗಳು ಬೀಗ ಬಿದ್ದರೆ 8,000 ಹೋಯಿತು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಎಂದರೆ ಇನ್ನೊಂದು 8,000. ಸೊಸೈಟಿಯ ಮೇಂಟೆನೆನ್ಸು ತಿಂಗಳಿಗೆ 1,000ದಂತೆ 12,000. ತಾನು ವಾಸಿಸದೆ ಬಾಡಿಗೆಗೆ ಕೊಟ್ಟವನಿಂದ ಸೊಸೈಟಿ ಬೇರೆ ಒಂದು ಶುಲ್ಕವನ್ನೂ ವಸೂಲು ಮಾಡಬಹುದು. ಅದು ಸೇವಾ ಶುಲ್ಕದ ನೂರಕ್ಕೆ 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರಕಾರ 2001ರಲ್ಲಿ ಆಜ್ಞೆ ಮಾಡಿದೆ. ಮಳೆಗಾಲದ ಸೋರಿಕೆ, ನಲ್ಲಿ, ಸುಣ್ಣಬಣ್ಣ, ತೆರಿಗೆ ಇವಕ್ಕೆಲ್ಲ 8,000 ಹಿಡಿಯಿರಿ. ಉಳಿದದ್ದು 60,000. ಮೂವತ್ತು ಲಕ್ಷಕ್ಕೆ ಅರುವತ್ತು ಸಾವಿರವೆಂದರೆ ನೂರಕ್ಕೆ ಎರಡು! ಸ್ಟಾಂಪು, ರಿಜಿಸ್ಟ್ರಿಯ ಖರ್ಚನ್ನು ನಾನಿನ್ನೂ ಸೇರಿಸಲೇ ಇಲ್ಲ.

ಅದೇ ಪಿ.ಎಫ್. ಹಣಕ್ಕೆ 2024-25ರಲ್ಲಿ ಸಿಕ್ಕಿದ ಬಡ್ಡಿ ನೂರಕ್ಕೆ 8.25. ಕೆಲಸದಲ್ಲಿರುವಾಗಲೇ ಅದನ್ನು ತೆಗೆದು ಗೋಡೆಗೆ ಹಾಕಿದವನು ಎಂಟೂಕಾಲನ್ನು ಬಿಟ್ಟು ಎರಡನ್ನು ಹಿಡಿದ ಹಾಗಾಯಿತು.

“ಬಾಡಿಗೆ ಕಡಿಮೆಯಾದರೇನು, ಜಾಗದ ಬೆಲೆ ಏರುತ್ತದಲ್ಲ!” ಎಂಬುದು ಮುಂದಿನ ಮಾತು. ಏರಬಹುದು. ಆದರೆ ಏರಿದ ಬೆಲೆ ಕೈಗೆ ಬರುವುದು ಮಾರಿದಾಗ. ಮಾರಬೇಕಾದರೆ ಕಾಗದ ಶುದ್ಧವಿರಬೇಕು, ಕಟ್ಟಡ ನಿಂತಿರಬೇಕು. ಈ ಎರಡನ್ನೂ ಸ್ವಲ್ಪ ವಿಚಾರಿಸೋಣ.

ಗೋಡೆಯೇ ನಿಲ್ಲದಿದ್ದರೆ?

ನಾಲಾಸೋಪಾರಾ ಪೂರ್ವದಲ್ಲಿ 41 ಕಟ್ಟಡಗಳ ಗತಿ ಏನಾಯಿತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಕೊಳಚೆ ನೀರಿನ ಶುದ್ಧೀಕರಣಕ್ಕೂ ಕಸ ಹಾಕುವುದಕ್ಕೂ ಕಾದಿರಿಸಿದ ಜಾಗದಲ್ಲಿ ಅವನ್ನು ಕಟ್ಟಿ, ಸುಳ್ಳು ಕಾಗದ ತೋರಿಸಿ ಬಡವರಿಗೆ ಮಾರಿದ್ದರು. ಹೈಕೋರ್ಟಿನ ಆಜ್ಞೆಯಂತೆ 2025ರ ಆರಂಭದ ಹೊತ್ತಿಗೆ ಅವೆಲ್ಲ ನೆಲಸಮವಾದವು. ಎರಡು ಸಾವಿರಕ್ಕೂ ಹೆಚ್ಚು ಸಂಸಾರಗಳು ಬೀದಿಗೆ ಬಿದ್ದವು. ಕಟ್ಟಿ ಮಾರಿದವನು ಹಣ ಎಣಿಸಿ ಹೋಗಿದ್ದನು, ಕೊಂಡವನಿಗೆ ಉಳಿದದ್ದು ಮಣ್ಣು.

ಕಲ್ಯಾಣ್-ಡೊಂಬಿವಲಿಯ ಕಥೆ ಇನ್ನೂ ವಿಚಿತ್ರ. ಅಲ್ಲಿ 65 ಕಟ್ಟಡಗಳವರು ನಗರಸಭೆಯ ಪರವಾನಗಿಯನ್ನೇ ಖೊಟ್ಟಿ ಮಾಡಿ, ಆ ಖೊಟ್ಟಿ ಕಾಗದದ ಬಲದಿಂದ ರೇರಾ ನೋಂದಣಿಯನ್ನೂ ಪಡೆದಿದ್ದರು. 2024ರ ನವೆಂಬರದಲ್ಲಿ ಹೈಕೋರ್ಟು ಅವನ್ನು ಕೆಡವಬೇಕೆಂದು ಹೇಳಿತು. “ರೇರಾ ನಂಬರು ಇದೆ, ಹೆದರಬೇಡಿ” ಎಂದು ದಲ್ಲಾಳಿ ಹೇಳಿದರೆ ಇದನ್ನು ನೆನಪಿಡಿರಿ.

ಇನ್ನು ವಿರಾರ್. 2025ರ ಆಗಸ್ಟ್ 26ರ ರಾತ್ರಿ ಅಲ್ಲಿ ಒಂದು ಅನಧಿಕೃತ ಕಟ್ಟಡದ ಭಾಗ ಕುಸಿದು 17 ಜನ ಸತ್ತರು. ಅದು ಕಟ್ಟಿ ಹದಿಮೂರು ಹದಿನಾಲ್ಕು ವರ್ಷವಾಗಿದ್ದ ಕಟ್ಟಡ, ಅಜ್ಜನ ಕಾಲದ ಚಾಳಲ್ಲ. ಅಂಥ ಕಟ್ಟಡದಲ್ಲಿ ಖೋಲಿಯನ್ನು ಬಾಡಿಗೆಗೆ ಕೊಟ್ಟು ತಾನು ಬೇರೆಡೆ ಸುಖವಾಗಿ ಮಲಗುವವನಿಗೆ ನಿದ್ದೆ ಬಂದೀತೇ? ಬಾಡಿಗೆ ತೆಗೆದುಕೊಳ್ಳುವವನು ಇನ್ನೊಬ್ಬನ ಹೆಂಡತಿ ಮಕ್ಕಳ ತಲೆಯ ಮೇಲಿನ ಸ್ಲ್ಯಾಬಿಗೆ ಜವಾಬ್ದಾರನಾಗುತ್ತಾನೆ. ಹಣ ಎಣಿಸುವಾಗ ಈ ಮಾತು ಯಾರಿಗೂ ಹೊಳೆಯುವುದಿಲ್ಲ.

ನಾವು ಯಾರ ಮೊಮ್ಮಕ್ಕಳು?

ದಕ್ಷಿಣ ಕನ್ನಡ, ಉಡುಪಿ, ಕುಂದಾಪುರದ ಕಡೆಯಿಂದ ಬಂದ ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಗೇಣಿಗೆ ಗದ್ದೆ ಮಾಡಿದವರು. ಅದರಲ್ಲೂ ಚಾಲಗೇಣಿಯವರು. ಒಡೆಯನ ಮನಸ್ಸು ತಿರುಗಿದರೆ ಗದ್ದೆ ಬಿಟ್ಟು ಏಳಬೇಕಾದವರು. ಬೆಳೆದ ಅಕ್ಕಿಯನ್ನು ಧಣಿಗಳ ಅಂಗಳಕ್ಕೆ ಹೊತ್ತು ಹಾಕಿ ತಾವು ಗಂಜಿ ತಿಳಿ ಕುಡಿದವರು. ಹತ್ತು ಹನ್ನೆರಡು ವರ್ಷದ ಹುಡುಗರನ್ನು ಮುಂಬಯಿಗೆ ಹಡಗು ಹತ್ತಿಸಿದ್ದು, ಬಸ್ಸು ಹತ್ತಿಸಿದ್ದು ಆ ಗೇಣಿಯ ಹಸಿವೇ ಅಲ್ಲವೇ? 1961ರ ಭೂಸುಧಾರಣಾ ಕಾಯಿದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅವರು ಡಿಕ್ಲರೇಶನ್ ಕೊಟ್ಟರು, ಉಳುವವನೇ ಒಡೆಯನಾದನು. ಆ ಕಾಗದ ಇಂದಿಗೂ ನಮ್ಮ ಎಷ್ಟೋ ಮನೆಗಳ ಪೆಟ್ಟಿಗೆಯ ಅಡಿಯಲ್ಲಿದೆ.

ಅಂಥ ಮನೆಯ ಮೊಮ್ಮಗ ನಾಲಾಸೋಪಾರಾದಲ್ಲಿ ಧಣಿಯಾಗಿ, ಐದನೆಯ ತಾರೀಕಿಗೆ ಬಾಗಿಲು ಬಡಿದು, “ಬಾಡಿಗೆ ಇಡು, ಇಲ್ಲವಾದರೆ ಗಂಟು ಕಟ್ಟು” ಎನ್ನುವುದು ಶೋಭೆಯೇ? ಕೆಲವರು ನನ್ನನ್ನು ಕೇಳಿದ್ದುಂಟು: “1974ರಲ್ಲಿ ದೊಡ್ಡವರ ಜೊತೆಗೆ ಎರಡು ಮುಡಿ ಗದ್ದೆಯ ಸಣ್ಣ ಒಡೆಯರೂ ಕಳೆದುಕೊಳ್ಳಲಿಲ್ಲವೇ? ಮುಂಬಯಿಯಲ್ಲಿ ದುಡಿಯುತ್ತಾ ಊರ ಗದ್ದೆ ಗೇಣಿಗೆ ಕೊಟ್ಟವರಿಗೆ ಅನ್ಯಾಯವಾಗಲಿಲ್ಲವೇ?” ಹೌದು, ಅವರೂ ಕಳೆದುಕೊಂಡರು, ಅವರ ನೋವು ಸುಳ್ಳಲ್ಲ. ಆದರೆ ಅದರಿಂದ ಕಲಿಯಬೇಕಾದ ಪಾಠ ಒಂದೇ. ದೂರದಲ್ಲಿದ್ದು, ತಾನು ಕಾಲಿಡದ ನೆಲದಿಂದ ಉಣ್ಣುವವನ ಅನ್ನ ಯಾವತ್ತೂ ಗಟ್ಟಿಯಲ್ಲ.

ಮುಂಬಯಿಯ ಕಾನೂನೂ ನಮಗೆ ನೆರಳು ಕೊಟ್ಟಿದೆ. 1947ರ ಮುಂಬಯಿ ಬಾಡಿಗೆ ಕಾಯಿದೆ 1940ರ ಬಾಡಿಗೆಯನ್ನೇ ಕಟ್ಟಿ ನಿಲ್ಲಿಸಿತು. ಆ ನೆರಳಿನಲ್ಲಿಯೇ ಗಿರಣಿ ಕಾಮಗಾರರು ಪರೇಲ್, ಲಾಲ್‌ಬಾಗಿನ ಚಾಳುಗಳಲ್ಲಿ ಸಂಸಾರ ಹೂಡಿದರು. ಮಾಟುಂಗಾದಿಂದ ಕೋಟೆಯವರೆಗೆ ನಮ್ಮವರ ಎಷ್ಟೋ ಹೋಟೆಲುಗಳು ಹಳೆಯ ಬಾಡಿಗೆಯಲ್ಲಿಯೇ ಬೆಳೆದವು. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾಮಗಾರರು ಹೊರಗೆ ಕುಳಿತಾಗ, ಸಂಬಳವಿಲ್ಲದ ಮನೆಗಳ ತಲೆಯ ಮೇಲೆ ಸೂರು ಉಳಿದದ್ದು ಬಾಡಿಗೆ ಕಡಿಮೆಯಿದ್ದುದರಿಂದ, ಧಣಿ ಸುಲಭವಾಗಿ ಹೊರಹಾಕಲಾರದ್ದರಿಂದ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬಾಡಿಗೆ ಏರದಿದ್ದಾಗ ಧಣಿಗಳು ರಿಪೇರಿ ಬಿಟ್ಟರು, ಬಾಡಿಗೆಗೆಂದು ಹೊಸ ಚಾಳು ಕಟ್ಟುವುದನ್ನು ನಿಲ್ಲಿಸಿದರು. ಪಗಡಿ ಇಲ್ಲದೆ ಹೊಸಬನಿಗೆ ಖೋಲಿ ಸಿಗದಂತಾಯಿತು. 1997ರ ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು ಹೀಗೆ ಬಾಡಿಗೆಯನ್ನು ಕಟ್ಟಿಟ್ಟದ್ದು ನ್ಯಾಯವಲ್ಲವೆಂದಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಯಾಗಿ, ಹಳೆಯ ಬಾಡಿಗೆದಾರರಿಗೆ ವರ್ಷಕ್ಕೆ ನೂರಕ್ಕೆ 4ರ ಏರಿಕೆ ಬಂತು. ಹಳಬರಿಗೆ ನೆರಳು ಉಳಿಯಿತು. ನಿನ್ನೆ ಊರಿನಿಂದ ಬಂದ ಹುಡುಗನಿಗೆ ಸಿಗುವುದು ಲೀವ್ ಎಂಡ್ ಲೈಸೆನ್ಸ್ ಮಾತ್ರ. ಗಡುವು ಮುಗಿದ ಮೇಲೆ ಬಿಡದಿದ್ದರೆ ಇಮ್ಮಡಿ ದಂಡ ಕೊಡಬೇಕು. ನಮ್ಮ ಹೊಸ ಧಣಿಗಳ ಕೈಗೆ ಸಿಗುವವನು ಈ ಹುಡುಗನೇ.

ನಮ್ಮವನೇ ನಮ್ಮವನಿಗೆ ಮಾಡುವುದು

ಅತ್ಯಂತ ನಾಚಿಕೆಯ ವಿಷಯಕ್ಕೆ ಈಗ ಬರುತ್ತೇನೆ. ಹತ್ತಡಿ ಹನ್ನೆರಡಡಿಯ ಒಂದು ಖೋಲಿ. ಅದರಲ್ಲಿ ಹತ್ತು ಜನ. ಬೆಳಗಿನ ಪಾಳಿಯವನು ಎದ್ದ ಚಾಪೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಾನೆ. ತಲೆಗಿಷ್ಟು ಎಂದು ವಸೂಲಿ. ಖೋಲಿಯ ನಿಜವಾದ ಮಾಲೀಕನಿಗೆ ಹೋಗುವುದು ಎಂಟು, ನಡುವಿನ “ನಮ್ಮೂರಿನ ಅಣ್ಣ” ಎತ್ತುವುದು ಇಪ್ಪತ್ತು. ಇದಕ್ಕೆ ಮಾಲೀಕನ ಒಪ್ಪಿಗೆಯೂ ಇಲ್ಲ, ಕಾಗದವೂ ಇಲ್ಲ. ಕೇಳಿದರೆ, “ಊರಿನ ಹುಡುಗರು, ಪಾಪ, ಎಲ್ಲಿ ಹೋದಾರು ಎಂದು ಇಟ್ಟುಕೊಂಡಿದ್ದೇನೆ” ಎಂಬ ಉತ್ತರ!

ನಾನೂ ಹೋಟೆಲಿನ ಮಾಳಿಗೆಯಲ್ಲಿ ಅಕ್ಕಿ ಚೀಲದ ಪಕ್ಕ ಮಲಗಿ ಬೆಳೆದವನು. ಅಲ್ಲಿಯ ಧಣಿ ನಮ್ಮನ್ನು ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುತ್ತಿದ್ದ, ಬೈಯುತ್ತಿದ್ದ. ಆದರೆ ಮಲಗಿದ್ದಕ್ಕೆ ಬಾಡಿಗೆ ಕೇಳಲಿಲ್ಲ. ಈ ಹೊಸ ಧಣಿಗಳು ನಿದ್ದೆಗೂ ಬೆಲೆ ಕಟ್ಟಿದ್ದಾರೆ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರು ಮೊದಲ ದಿನಗಳಲ್ಲಿ ಚೌಪಾಟಿಯಲ್ಲಿ ಮಲಗಿದವರು. ಮುಂದೆ ಅವರು ಈ ನಗರದ ಹೋಟೆಲ್ ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದರು. ಸೂರಿಲ್ಲದ ಕಷ್ಟ ಕಂಡವನು ಇನ್ನೊಬ್ಬ ಸೂರಿಲ್ಲದವನ ಜೊತೆ ನಿಲ್ಲಬೇಕೇ, ಅವನ ಚಾಪೆಗೆ ಸುಂಕ ಕಟ್ಟಬೇಕೇ?

“ನಾವೂ ಬಾಡಿಗೆಗಿದ್ದವರು, ಆದ್ದರಿಂದ ನಾವು ಒಳ್ಳೆಯ ಧಣಿಗಳಾಗುತ್ತೇವೆ” ಎಂದು ಕೆಲವರು ಹೇಳುತ್ತಾರೆ. ನಿಮ್ಮ ಮನಸ್ಸು ಒಳ್ಳೆಯದಿರಬಹುದು. ಆದರೆ ನಿಮ್ಮ ತಲೆಯ ಮೇಲೆ 18,000ದ ಕಂತು ಇರುವಾಗ ಬಾಡಿಗೆದಾರನ ಹೋಟೆಲು ಮುಚ್ಚಿತು ಎನ್ನಿ. 2020ರ ಲಾಕ್‌ಡೌನಿನಲ್ಲಿ ನಮ್ಮ ಹೋಟೆಲುಗಳಿಗೆ ಬೀಗ ಬಿದ್ದದ್ದನ್ನು ಯಾರೂ ಮರೆತಿಲ್ಲ. ಅವನು ಮೂರು ತಿಂಗಳು ಕೊಡಲಾರ, ಬ್ಯಾಂಕು ನಿಮಗೆ ಮೂರು ತಿಂಗಳು ಬಿಡುವುದಿಲ್ಲ. ಆಗ ನೀವು ಒಳ್ಳೆಯವರಾಗಿ ಉಳಿಯುವುದು ಹೇಗೆ? ಸಾಲದ ಮೇಲೆ ಧಣಿಯಾದವನು ಕರುಣೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿರುತ್ತಾನೆ.

ಆಗಲೇ ಖೋಲಿ ಇದ್ದವರು ಏನು ಮಾಡಬೇಕು?

ಬಾಡಿಗೆಯ ಖೋಲಿಗಳೇ ಇರಬಾರದೆಂದು ನಾನು ಹೇಳುವುದಿಲ್ಲ. ಹಾಗಾದರೆ ಹೊಸ ಹುಡುಗ ಎಲ್ಲಿ ಮಲಗಬೇಕು? ಖೋಲಿ ಇದ್ದವರು ಬೀಗ ಹಾಕಿಡುವುದಕ್ಕಿಂತ ದುಡಿಯುವವನಿಗೆ ಕೊಡುವುದು ಮೇಲು. ಆದರೆ ಕೆಲವು ಮಾತುಗಳನ್ನು ತಿಳಿದು ಕೊಡಿರಿ.

ಒಪ್ಪಂದ ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. “ಹನ್ನೊಂದು ತಿಂಗಳಾದರೆ ನೋಂದಣಿ ಬೇಡ” ಎಂಬುದು ಈ ರಾಜ್ಯದಲ್ಲಿ ತಪ್ಪು ಮಾತು. 1999ರ ಕಾಯಿದೆಯ 55ನೆಯ ಕಲಮಿನ ಪ್ರಕಾರ ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ನೋಂದಣಿಯಾದ ಕಾಗದ ಇಲ್ಲದಿದ್ದರೆ, ಬೇರೆ ರುಜುವಾತು ಆಗುವ ತನಕ, ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನ ಮಾತೇ ನಡೆಯುತ್ತದೆ. ಊರವನೆಂಬ ದಾಕ್ಷಿಣ್ಯದಿಂದ ಕಾಗದ ಬಿಟ್ಟವರು ಇಬ್ಬರೂ ಕೆಡುತ್ತಾರೆ. ಮಾಲೀಕನಿಗೆ ಖೋಲಿ ತಿರುಗಿ ಬರುವ ಭರವಸೆಯಿಲ್ಲ. ಬಾಡಿಗೆದಾರನಿಗೆ ವಿಳಾಸದ ಪುರಾವೆಯಿಲ್ಲದೆ ಬ್ಯಾಂಕಿನ ಖಾತೆ, ಗ್ಯಾಸು, ಮಗುವಿನ ಶಾಲೆ, ಎಲ್ಲದಕ್ಕೂ ಅಲೆದಾಟ.

ಕೊಟ್ಟ ಹಣಕ್ಕೆ ರಶೀದಿ ಕೊಡಿರಿ. ಮೊಬೈಲಿನಲ್ಲಿ ಬಂದರೂ ಕೊಡಿರಿ. ಅದು ಉಪಕಾರವಲ್ಲ, ಕಾನೂನು. ಜಗಳವಾದರೆ ನೀರು, ಕರೆಂಟು ಕಡಿಯಬೇಡಿರಿ. 29ನೆಯ ಕಲಮು ಅದನ್ನು ನಿಷೇಧಿಸಿದೆ. ಬಾಡಿಗೆದಾರನ ವಿವರವನ್ನು ಪೊಲೀಸು ಠಾಣೆಗೆ ತಿಳಿಸಿರಿ. ಇಲ್ಲವಾದರೆ ನಿಮ್ಮ ಮೇಲೆಯೇ ಕೇಸು ಆದೀತು. ಡಿಪಾಜಿಟ್ಟನ್ನು ಮಗಳ ಮದುವೆಗೆ ಖರ್ಚು ಮಾಡಿ, ಬಿಡುವ ದಿನ ಕೈ ಅಲ್ಲಾಡಿಸಬೇಡಿರಿ. ಅದು ನಿಮ್ಮ ಹಣವಲ್ಲ. ಬಾಡಿಗೆಯ ಆದಾಯವನ್ನು ಮುಚ್ಚಿಡಬೇಡಿರಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಮುನಿಸಿಪಾಲಿಟಿಯ ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 30ನ್ನು ಬಿಟ್ಟುಕೊಡುವ ನಿಯಮವಿದೆ. ಸತ್ಯ ಹೇಳಿದವನಿಗೆ ನಷ್ಟವಿಲ್ಲ. ಇಷ್ಟೆಲ್ಲ ಮಾಡಿಯೂ ಕೊನೆಗೆ ಜಾತಿ ಕೇಳಿ ಬಾಗಿಲು ಮುಚ್ಚುವವನಿದ್ದರೆ, ಅವನು ಕಾರ್ಮಿಕ ಸಂಘದ ಚೀಟಿ ಕಿಸೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ಹಾಗಾದರೆ ದಾರಿ ಯಾವುದು?

“ಎಲ್ಲ ಬೇಡವೆಂದರೆ ಮುಪ್ಪಿಗೆ ಗತಿ ಏನು?” ಎಂದು ನೀವು ಕೇಳುವುದು ನ್ಯಾಯ. ಮೊದಲನೆಯದಾಗಿ, ಮುಪ್ಪಿನ ಅನ್ನ ಬರಬೇಕಾದದ್ದು ನಿಮ್ಮ ದುಡಿಮೆಯಿಂದ. ಇಪ್ಪತ್ತು ಜನಕ್ಕೆ ಮೇಲ್ಪಟ್ಟ ಎಷ್ಟೋ ಹೋಟೆಲುಗಳಲ್ಲಿ ಧಣಿಗಳು ಅರ್ಧ ಜನರ ಹೆಸರನ್ನು ಪುಸ್ತಕದಲ್ಲಿ ಬರೆಯುವುದೇ ಇಲ್ಲ. ಹೆಸರಿಲ್ಲದವನಿಗೆ ಪಿ.ಎಫ್. ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಆ ಧಣಿಯಿಂದ ಬರಬೇಕಾದ ಹಕ್ಕನ್ನು ಕೇಳಲು ಹೆದರಿ, ತನಗಿಂತ ಬಡವನಾದ ಬಾಡಿಗೆದಾರನಿಂದ ಆ ನಷ್ಟವನ್ನು ತುಂಬಿಸಿಕೊಳ್ಳಲು ಹೊರಡುವುದು ಗಂಡಸುತನವೇ? ಮೇಲಿನವನ ಮುಂದೆ ಕೈಕಟ್ಟಿ, ಕೆಳಗಿನವನ ಮುಂದೆ ಮೀಸೆ ತಿರುವುವುದು ಕಾರ್ಮಿಕನ ಲಕ್ಷಣವಲ್ಲ.

ಎರಡನೆಯದು, ಕೂಡಿ ಸೂರು ಮಾಡುವ ದಾರಿ. ಧೋಬಿ ತಲಾವಿನ ಬಳಿ ಗೋವಾದವರ ಕೂಡುಗಳಿವೆ. ಒಂದೊಂದು ಊರಿನವರು ಸೇರಿ ಖೋಲಿ ಹಿಡಿದು, ಹಡಗಿನ ಕೆಲಸಕ್ಕೆ ಬಂದ ತಮ್ಮ ಹುಡುಗರಿಗೆ ಅಲ್ಪ ವಂತಿಗೆಯಲ್ಲಿ ಮಲಗಲು ಜಾಗ, ಪೆಟ್ಟಿಗೆ ಇಡಲು ಜಾಗ ಮಾಡಿಕೊಟ್ಟರು. ಲಾಲ್‌ಬಾಗ್, ಪರೇಲಿನಲ್ಲಿ ಕೊಂಕಣದ ಗಿರಣಿ ಕಾಮಗಾರರೂ ಊರ ಹೆಸರಿನ ಖೋಲಿಗಳನ್ನು ಹೀಗೆಯೇ ನಡೆಸಿದರು. ಅಲ್ಲಿ ಧಣಿಯಿಲ್ಲ, ಲೆಕ್ಕ ಗೋಡೆಯ ಮೇಲೆ. ನಮ್ಮ ಊರ ಸಂಘಗಳು ವರ್ಷಕ್ಕೊಮ್ಮೆ ಪೂಜೆಗೆ, ಯಕ್ಷಗಾನಕ್ಕೆ, ಸನ್ಮಾನದ ಶಾಲಿಗೆ ಹಣ ಎತ್ತುತ್ತವೆ. ಅದರಲ್ಲಿ ನಾಲ್ಕನೆಯ ಒಂದು ಪಾಲನ್ನು ತೆಗೆದಿಟ್ಟು ಹೊಸ ಹುಡುಗರಿಗೆ ಎರಡು ಖೋಲಿ ಹಿಡಿದರೆ ಯಾವ ದೇವರೂ ಮುನಿಯಲಾರ.

ಮೂರನೆಯದು, ಸಹಕಾರಿ ಮನೆಗಳು. ಇದು ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ 1909ರಷ್ಟು ಹಿಂದೆಯೇ ಮನೆ ಕಟ್ಟುವ ಸಹಕಾರಿ ಸಂಘ ನೋಂದಣಿಯಾಗಿತ್ತು. ಮುಂಬಯಿಯ ಗಾಂವದೇವಿಯಲ್ಲಿ ಸಾರಸ್ವತರು 1915ರಲ್ಲಿ ಸಹಕಾರಿ ಗೃಹ ಸಂಘ ಕಟ್ಟಿದರು. ಅದರ ಹಿಂದೆ ನಿಂತವರು ಶ್ರೀಪಾದ ಸುಬ್ರಾವ್ ತಾಲ್ಮಕಿಯವರು. ತಾರ್ಡೇವಿನ ತಾಲ್ಮಕಿವಾಡಿ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಅವರು ಓದು ಬಲ್ಲ ನೌಕರರು, ನಾವು ಸೌಟು ಹಿಡಿದವರು ಎಂದು ಹಿಂಜರಿಯಬೇಡಿರಿ. ಒಬ್ಬೊಬ್ಬನೇ ದಲ್ಲಾಳಿಯ ಕೈಗೆ ಸಿಕ್ಕಿದರೆ ಮೋಸ ಹೋಗುತ್ತಾನೆ. ಐವತ್ತು ಜನ ಕೂಡಿ ಒಬ್ಬ ವಕೀಲನನ್ನು ಇಟ್ಟುಕೊಂಡು ಜಾಗದ ಕಾಗದ, ನಗರಸಭೆಯ ಪರವಾನಗಿ, ವಾಸಯೋಗ್ಯತೆಯ ಪತ್ರ ಇವನ್ನೆಲ್ಲ ಕಚೇರಿಯಲ್ಲಿಯೇ ಹೋಗಿ ತಾಳೆ ನೋಡಿದರೆ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಆ ಮನೆ ವಾಸಕ್ಕಿರಲಿ. ಸಂಘದ ನಿಯಮದಲ್ಲಿಯೇ, ಒಬ್ಬನಿಗೆ ಒಂದೇ ಮನೆ ಎಂದು ಬರೆಯಿಸೋಣ.

ಖೋಲಿ ಕೊಳ್ಳಲು ಈಗಾಗಲೇ ಮುಂಗಡ ಕೊಡಲು ಹೊರಟವರಿಗೆ ಒಂದು ವಿನಂತಿ. ಈ ಭಾನುವಾರ ದಲ್ಲಾಳಿಯ ರಿಕ್ಷಾ ಹತ್ತುವ ಮೊದಲು ಕಾಗದಗಳ ನಕಲನ್ನು ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿರಿ. ಕೂತು ಓದೋಣ, ಲೆಕ್ಕ ಹಾಕೋಣ. ಕಾಗದದ ನಕಲು ಕೊಡಲು ಒಪ್ಪದ ದಲ್ಲಾಳಿಯಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿತು. ಹತ್ತು ಜನರನ್ನು ಒಂದು ಖೋಲಿಯಲ್ಲಿ ತುಂಬಿ ತಲೆಗಿಷ್ಟು ಎತ್ತುತ್ತಿರುವ ಅಣ್ಣಂದಿರೂ ಬರಲಿ. ಬರುವ ತಿಂಗಳ ಸಭೆಯಲ್ಲಿ ಈ ವಿಷಯವನ್ನೇ ಮೊದಲು ತೆಗೆದುಕೊಳ್ಳಬೇಕೆಂದು ನಾನು ಸೂಚನೆ ಕೊಟ್ಟಿದ್ದೇನೆ. ಅವರು ಅಲ್ಲಿ ಎದ್ದು ನಿಂತು, ತಾವು ಎಷ್ಟು ಕೊಟ್ಟು ಎಷ್ಟು ತೆಗೆದುಕೊಳ್ಳುತ್ತಾರೆಂಬುದನ್ನು ಆ ಹುಡುಗರ ಎದುರಿನಲ್ಲಿಯೇ ಹೇಳಲಿ.